ಹಂಪಿಯ ಛಾವಣಿಯಲ್ಲಿ ಮನ್ಮಥನ ಬಾಣ

ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪಕ್ಕೆ ಕಾಲಿಟ್ಟವರು ಒಮ್ಮೆ ತಲೆಯೆತ್ತಿ ನೋಡಬೇಕು. ಗಾರೆ ಬಳಿದ ಛಾವಣಿಯ ಮೇಲೆ ಬಣ್ಣದಲ್ಲಿ ಬರೆದ ಪುರಾಣಕಥೆಗಳ ಸಾಲೇ ಇದೆ. ಅವುಗಳಲ್ಲೊಂದರಲ್ಲಿ ಮನ್ಮಥ ಧ್ಯಾನಸ್ಥ ಶಿವನತ್ತ ಬಾಣ ಹೂಡಿದ್ದಾನೆ.

ಕಥೆ ಎಲ್ಲರಿಗೂ ಗೊತ್ತಿರುವುದೇ. ತಾರಕಾಸುರನ ವಧೆಗೆ ಶಿವನ ಮಗನೇ ಹುಟ್ಟಿಬರಬೇಕು. ಶಿವನೋ ತಪಸ್ಸಿನಲ್ಲಿ ಮುಳುಗಿದ್ದಾನೆ. ದೇವತೆಗಳ ಮಾತಿಗೆ ಕಟ್ಟುಬಿದ್ದು ಬಾಣ ಬಿಟ್ಟ ಮನ್ಮಥ ಹಣೆಗಣ್ಣಿನ ಉರಿಗೆ ಬೂದಿಯಾಗುತ್ತಾನೆ.

ಹಂಪಿಯವರಿಗೆ ಇದು ದೂರದ ಹಿಮಾಲಯದ ಕಥೆಯಲ್ಲ. ಸ್ಥಳಪುರಾಣದ ಪ್ರಕಾರ ಶಿವ ತಪಸ್ಸಿಗೆ ಕುಳಿತದ್ದು ದೇವಾಲಯದ ಪಕ್ಕದ ಹೇಮಕೂಟದ ಮೇಲೆ. ಅವನನ್ನು ವರಿಸಿದವಳು ಪಂಪಾಂಬಿಕೆ. ಈಗಲೂ ಪ್ರತಿವರ್ಷ ಫಲಪೂಜೆಯೆಂಬ ಹೆಸರಿನಲ್ಲಿ ಇವರಿಬ್ಬರ ನಿಶ್ಚಿತಾರ್ಥವೂ, ಚೈತ್ರದಲ್ಲಿ ಕಲ್ಯಾಣವೂ ನಡೆಯುತ್ತವೆ. ವಿಜಯನಗರದ ಸ್ಥಾಪನೆಗೂ ಮುನ್ನ ಹಂಪಿಯಲ್ಲಿದ್ದ ಕವಿ ಹರಿಹರ ಈ ವೃತ್ತಾಂತವನ್ನೇ ‘ಗಿರಿಜಾಕಲ್ಯಾಣ’ವೆಂಬ ಕಾವ್ಯವಾಗಿಸಿದ. ಛಾವಣಿಯಲ್ಲೂ ಆ ಕಲ್ಯಾಣದ ಚಿತ್ರವಿದೆ.

ಇವನ್ನು ಬರೆದದ್ದು ಯಾವಾಗ? ಮಂಟಪದ ಕಾಲವೇನೋ ಖಚಿತ. ಪಟ್ಟಾಭಿಷೇಕದ ಸಂದರ್ಭದಲ್ಲಿ ಕೃಷ್ಣದೇವರಾಯ ಇದನ್ನು ಕಟ್ಟಿಸಿದನೆಂದು ಅದರ ಮುಂದೆಯೇ ನಿಂತಿರುವ 1510ರ ಶಾಸನ ಹೇಳುತ್ತದೆ. ಆದರೆ ಮಂಟಪದ ವಯಸ್ಸೇ ಚಿತ್ರದ ವಯಸ್ಸಾಗಬೇಕಿಲ್ಲ. ಹಳೆಯ ಗಾರೆ ಉದುರಿದರೆ ಹೊಸದನ್ನು ಬಳಿದು ಮತ್ತೆ ಬರೆಯಬಹುದು. ಚಿತ್ರಗಳು ವಿಜಯನಗರ ಕಾಲದವೆಂದೇ ನಂಬುವವರಿದ್ದಾರೆ. 16ನೇ ಶತಮಾನದ ಲೇಪಾಕ್ಷಿಯ ಚಿತ್ರಗಳಿಗಿಂತ ಇವುಗಳ ಶೈಲಿ ಬೇರೆಯಾದ್ದರಿಂದ 18ನೇ ಅಥವಾ 19ನೇ ಶತಮಾನದವಿರಬೇಕೆನ್ನುವ ವಿದ್ವಾಂಸರೂ ಇದ್ದಾರೆ.

ಎರಡನೆಯ ಮಾತೇ ನಿಜವಾದರೆ ಚಿತ್ರಗಳ ಬೆಲೆ ಕುಂದುವುದೆ? ಹಾಗೇನಿಲ್ಲ. 1565ರ ಯುದ್ಧದ ಬಳಿಕ ಹಂಪಿ ಹಾಳಾಯಿತೆಂದು ಓದುತ್ತೇವೆ. ಅರಮನೆಗೂ ಪೇಟೆಬೀದಿಗಳಿಗೂ ಆ ಮಾತು ಸರಿ. ಆದರೆ ವಿರೂಪಾಕ್ಷನ ಪೂಜೆ ನಿಲ್ಲಲಿಲ್ಲ. 19ನೇ ಶತಮಾನದ ಪೂರ್ವಾರ್ಧದಲ್ಲಿ ಗೋಪುರಗಳ ದುರಸ್ತಿಯೂ ನಡೆಯಿತು. ಅರಸರಿಲ್ಲದ ಊರಿನಲ್ಲೂ ಚಿತ್ರಕಾರರನ್ನು ಕರೆಸಿ, ತಮ್ಮ ದೇವರ ಮದುವೆಯ ಕಥೆ ಬರೆಸುವವರಿದ್ದರು ಎಂಬುದಕ್ಕೆ ಆಗ ಈ ಛಾವಣಿಯೇ ಸಾಕ್ಷಿಯಾಗುತ್ತದೆ.

ಆ ಸಾಕ್ಷ್ಯ ನಿಂತಿರುವುದು ತೆಳುವಾದ ಗಾರೆಯ ಮೇಲೆ. 2024ರ ಮೇ ತಿಂಗಳ ಮಳೆಗೆ ದೇವಾಲಯದ ಮುಂದಿನ ಸಾಲುಮಂಟಪದ ಒಂದು ಭಾಗ ಕುಸಿದುಬಿತ್ತು. ಬಿದ್ದ ಕಲ್ಲುಕಂಬವನ್ನು ಎತ್ತಿ ನಿಲ್ಲಿಸಬಹುದು. ಸೋರಿದ ನೀರಿಗೆ ಗಾರೆ ಕಳಚಿದರೆ ಅದರೊಡನೆ ಮನ್ಮಥನೂ ಹೋಗುತ್ತಾನೆ. ಛಾವಣಿ ಸೋರದಂತೆ ಕಾಯುವುದೇ ಚಿತ್ರವನ್ನು ಕಾಯುವ ಮೊದಲ ಕೆಲಸ.