ಕಾಲಿಂಚೋ, ಅರ್ಧ ಇಂಚೋ?

ಬೆಂಗಳೂರಿನಿಂದ ಮಂಗಳೂರಿಗೆ ಸಾಗುವ ಹೆದ್ದಾರಿಯು ಚನ್ನರಾಯಪಟ್ಟಣವನ್ನೂ ಹಾಸನವನ್ನೂ ಪೋಣಿಸಿಕೊಂಡು ಹೋಗುವುದರಿಂದ ಆ ಹಾದಿಯ ಗ್ಯಾರೇಜುಗಳಿಗೆ ಕಾರೂ ಲಾರಿಯೂ ಬರುತ್ತವೆ. ಹೊಳೆನರಸೀಪುರದ ಗದ್ದೆಬಯಲಿನ ಟಿಲ್ಲರುಗಳೂ, ಅರಕಲಗೂಡಿನ ಆಲೂಗಡ್ಡೆ ಹೊಗೆಸೊಪ್ಪಿನ ಹೊಲಗಳಲ್ಲಿ ದುಡಿಯುವ ಟ್ರ್ಯಾಕ್ಟರುಗಳೂ ಆಯಾ ಊರಿನ ಮೆಕ್ಯಾನಿಕ್ಕನ ಅಂಗಳದಲ್ಲಿಯೇ ಬಂದು ನಿಲ್ಲುತ್ತವೆ. ಹೀಗೆ ನಾನಾ ಗಾತ್ರದ ನಟ್ಟುಬೋಲ್ಟುಗಳೊಡನೆ ದಿನಗಳೆಯುವವನು ಬ್ಯಾಟರಿಯಿಂದ ತಿರುಗುವ ಕಾರ್ಡ್‌ಲೆಸ್ ರ‍್ಯಾಚೆಟ್ಟನ್ನು ಕೊಳ್ಳಹೊರಟಾಗ, ಅಂಗಡಿಯವನು ಮೊದಲು ಕೇಳುವುದು ಅಳತೆಯನ್ನು: ಕಾಲು ಇಂಚೋ, ಮೂರು ಬೈ ಎಂಟೋ, ಅರ್ಧ ಇಂಚೋ?

ಈ ಅಂಕಿಗಳು ನಟ್ಟಿನ ಅಳತೆಯಲ್ಲ. ಸಾಕೆಟ್ಟು ಕೂರುವ ಚೌಕದ ಅಗಲವಷ್ಟೆ. ಮಿಲಿಮೀಟರಿನಲ್ಲಿ ಹೇಳುವುದಾದರೆ ಕ್ರಮವಾಗಿ 6.35, 9.5 ಮತ್ತು 12.7. ನಟ್ಟುಗಳೆಲ್ಲ ಮಿಲಿಮೀಟರಿಗೆ ಬಂದು ಎಷ್ಟೋ ಕಾಲವಾದರೂ ಈ ಚೌಕವು ಮಾತ್ರ ಇಂಚನ್ನು ಬಿಟ್ಟಿಲ್ಲ. ಚೌಕವು ದೊಡ್ಡದಾದಂತೆ ಬಲವೂ ತಾನಾಗಿ ಹೆಚ್ಚುವುದೆಂಬ ಗ್ರಹಿಕೆ ಸಾಮಾನ್ಯ. ಆದರೆ ಬಲವನ್ನು ನಿರ್ಣಯಿಸುವುದು ಒಳಗಿನ ಮೋಟಾರು ಮತ್ತು ಗೇರುಗಳೇ ಹೊರತು ಚೌಕವಲ್ಲ.

ಯಂತ್ರದ ಅಂತರಂಗವನ್ನು ಅರಿತರೆ ಆಯ್ಕೆಯು ಸುಲಭವಾದೀತು. ಮೋಟಾರಿನ ಶೀಘ್ರ ಪರಿಭ್ರಮಣವನ್ನು ಗೇರುಗಳು ತಗ್ಗಿಸುತ್ತವೆ. ಕೇಂದ್ರದಿಂದ ತುಸು ಸರಿದ ಒಂದು ಮೊಳೆಯು ಆ ತಿರುಗಾಟವನ್ನು ತೂಗಾಟವಾಗಿ ಮಾರ್ಪಡಿಸುತ್ತದೆ. ತೂಗುವ ಕೊಕ್ಕೆಯು ಹಲ್ಲಿನ ಚಕ್ರವನ್ನು ಒಂದೊಂದೇ ಹಲ್ಲಾಗಿ ಮುಂದೊತ್ತುತ್ತದೆ. ಇಂಪ್ಯಾಕ್ಟ್ ರೆಂಚಿನಲ್ಲಿರುವಂತೆ ಒಳಗೆ ಸುತ್ತಿಗೆಯ ಹೊಡೆತವಿಲ್ಲವಾದ್ದರಿಂದ, ನಟ್ಟಿಗೆ ಕೊಟ್ಟ ತಿರುಚುಬಲವೆಲ್ಲ ಪ್ರತಿಕ್ರಿಯೆಯಾಗಿ ಹಿಡಿದವನ ಮುಂಗೈಗೆ ಮರಳುತ್ತದೆ. 50 ನ್ಯೂಟನ್-ಮೀಟರ್ ಬಲದ ಯಂತ್ರವನ್ನು 30 ಸೆಂಟಿಮೀಟರ್ ದೂರದಲ್ಲಿ ಹಿಡಿದವನು ಸುಮಾರು 17 ಕಿಲೋ ಭಾರವನ್ನು ತಡೆದಂತೆ. ಬಾನೆಟ್ಟಿನ ಇಕ್ಕಟ್ಟಿನಲ್ಲಿ ಯಂತ್ರವೇ ಹಿಂದಕ್ಕೆ ತಿರುಗಿತೆಂದರೆ ಬೆರಳುಗಳು ರೇಡಿಯೇಟರಿಗೆ ಬಡಿಯುವುದು ನಿಶ್ಚಯ. ಆದುದರಿಂದ ಬಿಗಿದ ನಟ್ಟನ್ನು ಮೊದಲು ಉದ್ದ ಹಿಡಿಯ ಸ್ಪ್ಯಾನರಿನಿಂದ ಕೈಯಲ್ಲೇ ಸಡಿಲಿಸಿ, ಉಳಿದ ಸುತ್ತುಗಳನ್ನು ಯಂತ್ರಕ್ಕೆ ವಹಿಸಿ, ಮರುಜೋಡಣೆಯ ಕೊನೆಯ ಬಿಗಿತವನ್ನು ಟಾರ್ಕ್ ರೆಂಚಿನಿಂದ ಮುಗಿಸುವುದೇ ಯೋಗ್ಯ ಕ್ರಮ.

ಸಾಧಾರಣ ಗಟ್ಟಿತನದ ಉಕ್ಕಿನ ಬೋಲ್ಟುಗಳಲ್ಲಿ 6 ಮಿಲಿಮೀಟರಿನದಕ್ಕೆ ಸುಮಾರು 10, 8ರದಕ್ಕೆ 25, 10ರದಕ್ಕೆ 50 ನ್ಯೂಟನ್-ಮೀಟರ್ ಬಿಗಿತ ಸಾಕು. ಬೈಕಿನ ಕವರು, ಕಾರಿನ ಡ್ಯಾಶ್‌ಬೋರ್ಡು ಮೊದಲಾದೆಡೆ ಕಾಲಿಂಚಿನದೇ ಲೇಸು; ಅದರ ಕಿರಿದಾದ ತಲೆಯು ನುಗ್ಗುವ ಸಂದಿನಲ್ಲಿ ಬೇರೆಯದು ನುಗ್ಗಲಾರದು. ಹತ್ತು, ಹನ್ನೆರಡು, ಹದಿನಾಲ್ಕರ ಸಾಕೆಟ್ಟುಗಳನ್ನೇ ದಿನವಿಡೀ ಬದಲಿಸುವ ನಮ್ಮ ಕಡೆಯ ಗ್ಯಾರೇಜಿಗೆ ಮಾತ್ರ, ಒಂದನ್ನೇ ಕೊಳ್ಳಬೇಕಾದ ಪಕ್ಷದಲ್ಲಿ, ಮೂರು ಬೈ ಎಂಟರದೇ ಎಂದು ನಾನು ನಿಸ್ಸಂಕೋಚವಾಗಿ ಹೇಳುವೆ. ಚಿಕ್ಕ ಅಡಾಪ್ಟರೊಂದನ್ನು ಸಿಕ್ಕಿಸಿದರೆ ಕಾಲಿಂಚಿನ ಸಾಕೆಟ್ಟೂ ಅದಕ್ಕೆ ಒಗ್ಗುತ್ತದೆ.

ಅರ್ಧ ಇಂಚಿನ ಮೋಹ ಹುಟ್ಟುವುದು ಚಕ್ರದ ನಟ್ಟುಗಳನ್ನು ಕಂಡಾಗ. ಕಾರಿನ ಚಕ್ರದ ನಟ್ಟೇ ಸಾಮಾನ್ಯವಾಗಿ 100 ನ್ಯೂಟನ್-ಮೀಟರಿನ ಆಸುಪಾಸನ್ನು ಬೇಡುತ್ತದೆ, ಟ್ರ್ಯಾಕ್ಟರಿನ ಹಿಂಬದಿಯ ಚಕ್ರವಂತೂ ಅದನ್ನು ಬಹುವಾಗಿ ಮೀರುತ್ತದೆ. 12 ವೋಲ್ಟಿನ ಬಹುತೇಕ ರ‍್ಯಾಚೆಟ್ಟುಗಳಾದರೋ 40ರಿಂದ 80ರೊಳಗೇ ನಿಲ್ಲುತ್ತವೆ. ಅಲ್ಲಿ ಬೇಕಾದದ್ದು ಇಂಪ್ಯಾಕ್ಟ್ ರೆಂಚು. ಅದರ ಕೆಲಸವನ್ನು ಇದರಿಂದ ಮಾಡಿಸಹೊರಟವನಿಗೆ ಸವೆದ ಹಲ್ಲುಚಕ್ರವೇ ಪ್ರತಿಫಲ.

ಹಾಸನದಲ್ಲಿರುವ ಕೆ.ಎಸ್.ಆರ್.ಟಿ.ಸಿ. ಪ್ರಾದೇಶಿಕ ಕಾರ್ಯಾಗಾರದಂಥ ದೊಡ್ಡ ಕಾರ್ಯಸ್ಥಾನಗಳಿಗೆ ಕಂಪ್ರೆಸರಿನ ಗಾಳಿಯಿಂದ ನಡೆಯುವ ಉಪಕರಣಗಳು ಒಪ್ಪುವುವು. ಗದ್ದೆಯ ಕೆಸರಿನಲ್ಲಿ ಕೆಟ್ಟು ನಿಂತ ಟಿಲ್ಲರಿನ ಬಳಿಗೆ ಗಾಳಿಯ ಪೈಪು ಎಳೆಯಲಾದೀತೆ? ಬ್ಯಾಟರಿಯ ಸಾರ್ಥಕ್ಯವಿರುವುದು ಅಲ್ಲಿ. ಮೂರು ಸೆಲ್ಲುಗಳ 12 ವೋಲ್ಟಿನದು ತೆಳ್ಳಗೆ, ಹಗುರ; ಐದು ಸೆಲ್ಲುಗಳ 18 ವೋಲ್ಟಿನದು ಹೆಚ್ಚು ಹೊತ್ತು ಬಾಳಿದರೂ ಕೈಗೆ ಭಾರ. ಆದರೆ ಗ್ಯಾರೇಜಿನಲ್ಲಿ ಈಗಾಗಲೇ 18 ವೋಲ್ಟಿನ ಡ್ರಿಲ್ ಇದ್ದಲ್ಲಿ, ಅದೇ ಕಂಪನಿಯ, ಅದೇ ಬ್ಯಾಟರಿ ಕೂರುವ ರ‍್ಯಾಚೆಟ್ಟನ್ನು ಕೊಂಡರೆ ಬ್ಯಾಟರಿ ಚಾರ್ಜರುಗಳ ಖರ್ಚು ಉಳಿಯುತ್ತದೆ. ಆ ಉಳಿತಾಯದಲ್ಲಿ ಒಳ್ಳೆಯ ಟಾರ್ಕ್ ರೆಂಚೊಂದನ್ನು ಕೊಳ್ಳಬಹುದು.