ಜಾಗ ತೋರಿಸೋದು ದಲ್ಲಾಳಿ ಕೆಲಸ, ಕಾಗದ ನೋಡೋದು ನಮ್ಮ ಕೆಲಸ

ಮಣ್ಣು ಪರೀಕ್ಷೆ ಮಾಡಿಸದೆ ಒಂದು ಹಿಡಿ ಸುಣ್ಣವನ್ನೂ ಹಾಕಬಾರದು ಅಂತ ತೋಟಗಾರಿಕೆ ಕಾಲೇಜಿನಲ್ಲಿ ಕಲಿತವನು ನಾನು. ಅಂಥವನು ಸಕಲೇಶಪುರದ ಹತ್ತಿರ ಪಹಣಿಯನ್ನೂ ನೋಡದೆ, ಜೀಪಿನ ಬಾನೆಟ್ ಮೇಲೆ 50,000 ರೂಪಾಯಿ ನಗದು ಎಣಿಸಿ ಕೊಟ್ಟುಬಿಟ್ಟೆ.

ಆಗ ನಾನು ಬೇರೆಯವರ ತೋಟ ಗುತ್ತಿಗೆ ಹಿಡಿದು ಕಾಫಿ, ಮೆಣಸು ಬೆಳೆಯುತ್ತಿದ್ದೆ. ಬಹುವಾರ್ಷಿಕ ಬೆಳೆಗೆ ಸಾವಯವ ಪ್ರಮಾಣಪತ್ರ ಬೇಕು ಅಂದ್ರೆ 3 ವರ್ಷದ ಪರಿವರ್ತನಾ ಅವಧಿ ದಾಟಬೇಕು. ಅಷ್ಟರಲ್ಲಿ ಮಾಲೀಕರು ಗುತ್ತಿಗೆ ಬಿಡಿಸಿದರೆ ಮತ್ತೆ ಮೊದಲಿಂದ ಶುರು. ಹಾಗಾಗಿ ಸಣ್ಣದೊಂದು ಹೆಂಚಿನ ಮನೆ, ಅದರ ಸುತ್ತ ಎರಡು ಎಕರೆ ತೋಟ ಸ್ವಂತಕ್ಕೆ ಬೇಕಿತ್ತು. ಡಿಸೆಂಬರ್ ತಿಂಗಳು, ಗಿಡದ ತುಂಬಾ ಕೆಂಪು ಹಣ್ಣು. ದಲ್ಲಾಳಿ ಹೇಳಿದ್ದು ಒಂದೇ ಮಾತು: "ಅಣ್ಣಾ, ಇವತ್ತೇ ಟೋಕನ್ ಹಾಕ್ಬಿಡಿ, ನಾಳೆ ಬೆಂಗಳೂರು ಪಾರ್ಟಿ ಬರ್ತಾವ್ರೆ."

ಬೆಂಗಳೂರು ಪಾರ್ಟಿ ಅನ್ನೋದು ಪೂರ್ತಿ ಸುಳ್ಳೂ ಅಲ್ಲ. 2020ರ ಭೂ ಸುಧಾರಣೆ ತಿದ್ದುಪಡಿಯಲ್ಲಿ 79ಎ, 79ಬಿ ಕಲಂಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಹೋಂಸ್ಟೇ, ವಾರಾಂತ್ಯದ ಮನೆ ಅಂತ ಕೇಳಿಕೊಂಡು ಬರುವವರು ನಮ್ಮ ಕಡೆ ಈಗ ಬೇಕಾದಷ್ಟು. ಆ ಭಯಕ್ಕೇ ನಾನು ದುಡ್ಡು ಕೊಟ್ಟಿದ್ದು.

ಆ ರಾತ್ರಿ ಮೊಬೈಲ್‌ನಲ್ಲಿ ಪಹಣಿ ತೆಗೆದೆ. ಬಾಯಲ್ಲಿ ಹೇಳಿದ ವಿಸ್ತೀರ್ಣದಲ್ಲಿ 12 ಗುಂಟೆ 'ಬಿ' ಖರಾಬು. ಮ್ಯುಟೇಶನ್ ನೋಡಿದರೆ ಜಮೀನು ಪಿತ್ರಾರ್ಜಿತ. ವಿಚಾರಿಸಿದಾಗ ಮಾರುವವರಿಗೆ ಇಬ್ಬರು ಅಕ್ಕಂದಿರು ಇರೋದು ಗೊತ್ತಾಯ್ತು, ಅವರಿಗೆ ಮಾರಾಟದ ಸುದ್ದಿಯೇ ಇಲ್ಲ. ದಲ್ಲಾಳಿಗೆ ಫೋನ್ ಮಾಡಿದೆ. "ಮದ್ವೆ ಆಗಿ ಹೋದವ್ರು ಬಿಡಿ ಅಣ್ಣಾ, ಆಮೇಲೆ ಸರಿ ಮಾಡ್ಕಳಣ" ಅಂದರು. ನಾನು ಹಿಂದೆ ಸರಿದೆ. ಎಂಟು ತಿಂಗಳು ಓಡಾಡಿ 30,000 ವಾಪಸ್ ಬಂತು, ಉಳಿದ 20,000 ಬರಲೇ ಇಲ್ಲ. ನನ್ನ ಹತ್ತಿರ ರಸೀದಿ ಇರಲಿಲ್ಲ.

ದಲ್ಲಾಳಿ ಯಾರ ಪರ?

ದಲ್ಲಾಳಿಗಳೆಲ್ಲ ಮೋಸಗಾರರು ಅಂತ ಹೇಳೋಕೆ ಇದನ್ನು ಬರೀತಿಲ್ಲ. ಈಗ ನಾನಿರುವ ಮನೆ ಕೊಡಿಸಿದ್ದೂ ದಲ್ಲಾಳಿಯೇ. ಆದರೆ ಒಂದು ಮಾತು ನೆನಪಿರಲಿ: ವ್ಯಾಪಾರ ಮುಗಿದರೆ ಅವರಿಗೆ ಕಮಿಷನ್, ಮುರಿದರೆ ಸೊನ್ನೆ. ವ್ಯಾಪಾರ ಸರಿಯಾಗಿದೆಯೋ ಇಲ್ಲವೋ ಅನ್ನೋದರ ಮೇಲೆ ಅವರ ದುಡ್ಡು ನಿಂತಿಲ್ಲ. ಎಷ್ಟೇ ಒಳ್ಳೆಯವರಾದರೂ ಅವರ ಅವಸರ ನಮ್ಮ ಅವಸರ ಆಗಬಾರದು.

2016ರ ರೇರಾ ಕಾನೂನಿನ ಪ್ರಕಾರ ನೋಂದಾಯಿತ ಬಡಾವಣೆ, ಅಪಾರ್ಟ್‌ಮೆಂಟ್ ಮಾರಿಸುವ ಏಜೆಂಟರು ನೋಂದಣಿ ಮಾಡಿಸಲೇಬೇಕು. ಒಬ್ಬ ರೈತ ಇನ್ನೊಬ್ಬರಿಗೆ ತೋಟ ಮಾರುವಾಗ ನಡುವೆ ನಿಲ್ಲುವ ದಲ್ಲಾಳಿಗೆ ಆ ಲೈಸೆನ್ಸ್ ಇರಲ್ಲ. ಅಲ್ಲಿ ನಮಗೆ ಆಸರೆ ಆಗೋದು ಬರೆದಿಟ್ಟ ಕಾಗದ ಮಾತ್ರ.

ಟೋಕನ್‌ಗೆ ಮೊದಲು ಮೊಬೈಲ್‌ನಲ್ಲಿ ನೋಡಬೇಕಾದ್ದು

ದಲ್ಲಾಳಿ ಹತ್ತಿರ ಮೊದಲು ಕೇಳಬೇಕಾದ್ದು ಸರ್ವೆ ನಂಬರ್ ಮತ್ತು ಹಿಸ್ಸಾ ನಂಬರ್. "ಆಮೇಲೆ ಕೊಡ್ತೀನಿ" ಅಂದರೆ ನೀವೂ "ಆಮೇಲೆ ಬರ್ತೀನಿ" ಅನ್ನಿ. ನಂಬರ್ ಸಿಕ್ಕಿದ ಮೇಲೆ:

1. ದಿಶಾಂಕ್ ಆ್ಯಪ್: ಜಾಗದಲ್ಲೇ ನಿಂತು ತೆರೆಯಿರಿ. ನೀವು ನಿಂತಿರುವ ಸರ್ವೆ ನಂಬರ್ ತೋರಿಸುತ್ತೆ. ಗಡಿಗೆ ಇದನ್ನೇ ಪ್ರಮಾಣ ಅಂತ ಹಿಡಿಯಬೇಡಿ, ಆದರೆ ತೋರಿಸಿದ ತೋಟವೇ ಬೇರೆ, ಕಾಗದವೇ ಬೇರೆ ಆಗಿದ್ದರೆ ಇಲ್ಲೇ ಸಿಕ್ಕಿಬೀಳುತ್ತೆ.

2. ಭೂಮಿ ತಂತ್ರಾಂಶದ ಪಹಣಿ: ಕಾಲಂ 3ರಲ್ಲಿ ವಿಸ್ತೀರ್ಣ ಮತ್ತು ಖರಾಬು, 9ರಲ್ಲಿ ಮಾಲೀಕರು, 11ರಲ್ಲಿ ಬ್ಯಾಂಕ್ ಸಾಲ ಮತ್ತು ಇತರ ಹಕ್ಕುಗಳು. 'ಬಿ' ಖರಾಬು ಸಾರ್ವಜನಿಕರ ಉಪಯೋಗದ್ದು, ಅದಕ್ಕೆ ದುಡ್ಡು ಕೊಡಬೇಡಿ.

3. ಮ್ಯುಟೇಶನ್: ಜಮೀನು ಹೇಗೆ ಬಂತು? ಕ್ರಯವೋ, ವಿಭಾಗವೋ, ಸರ್ಕಾರದ ಮಂಜೂರಾತಿಯೋ? ಮಂಜೂರಾದ ಜಮೀನಿಗೆ ಇಂತಿಷ್ಟು ವರ್ಷ ಪರಭಾರೆ ಮಾಡಬಾರದು ಅನ್ನುವ ಷರತ್ತು ಇರುತ್ತೆ, ಸಾಗುವಳಿ ಚೀಟಿ ತರಿಸಿ ಓದಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದ ಮಾರಾಟ ನಿಲ್ಲಲ್ಲ. 2023ರ ತಿದ್ದುಪಡಿ ನಂತರ ಅಂಥ ಜಮೀನು ವಾಪಸ್ ಕೇಳೋಕೆ ಕಾಲಮಿತಿಯೂ ಇಲ್ಲ. ಆ ಕುಟುಂಬದ ರಕ್ಷಣೆಗೇ ಇರುವ ಕಾನೂನು ಅದು. ಅದನ್ನು ತಪ್ಪಿಸುವ ದಾರಿ ಹುಡುಕಬೇಡಿ, ಅನುಮತಿ ಇದೆಯಾ ಅಂತ ಕೇಳಿ.

4. ಇ.ಸಿ.: ಋಣಭಾರ ಪ್ರಮಾಣಪತ್ರ ಕಾವೇರಿ 2.0ರಲ್ಲಿ ಸಿಗುತ್ತೆ. 2004ಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಗೇ ಹೋಗಿ. ನೋಂದಣಿ ಆಗದ ಕರಾರು ಇದರಲ್ಲಿ ಕಾಣಲ್ಲ.

5. ವಂಶವೃಕ್ಷ: 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಮತ್ತು 2020ರ ಆಗಸ್ಟ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು. ಅವರ ಸಹಿ ಇಲ್ಲದ ಕ್ರಯ ಅಂದ್ರೆ ಕೋರ್ಟ್ ಕೇಸನ್ನೇ ಕೊಂಡ ಹಾಗೆ.

6. 11ಇ ನಕ್ಷೆ: ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುವುದಾದರೆ ಇದು ಬೇಕೇ ಬೇಕು.

ದಲ್ಲಾಳಿ "ನನ್ನ ಹೆಸರಲ್ಲಿ ಜಿಪಿಎ ಇದೆ, ಅದನ್ನೇ ನಿಮಗೆ ಕೊಡ್ತೀನಿ" ಅಂದರೆ ಎದ್ದು ಬನ್ನಿ. ಜಿಪಿಎ ಮೇಲಿನ ಮಾರಾಟದಿಂದ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಇಷ್ಟೆಲ್ಲ ನೋಡಿ ಸರಿ ಅನ್ನಿಸಿದ ಮೇಲೆ ನಿಮ್ಮದೇ ವಕೀಲರಿಗೆ ತೋರಿಸಿ. ದಲ್ಲಾಳಿ ಕರೆತಂದ ವಕೀಲರಿಗಲ್ಲ.

ಮೊಬೈಲ್‌ನಲ್ಲಿ ಕಾಣದ್ದು

ನನ್ನ ಎರಡನೇ ದಲ್ಲಾಳಿ ಆಲೂರು ಕಡೆಯವರು, ಮೊದಲು ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಬೇಸಿಗೆಯಲ್ಲಿ ಮನೆ ತೋರಿಸಿದರು. ನಾನು ಖುಷಿಯಾಗಿ ಮಾತಿಗೆ ಕೂತರೆ, "ಈಗ್ಲೇ ಬ್ಯಾಡ ತಮ್ಮಾ, ಪುಷ್ಯ ಮಳೇಲಿ ಒಂದ್ಸಲ ಬಂದು ನೋಡು" ಅಂದರು. ಜುಲೈನಲ್ಲಿ ಹೋದೆ. ಪಡುವಣ ಗೋಡೆ ಪೂರಾ ನೆನೆದಿತ್ತು, ಹೆಂಚು ನಾಲ್ಕು ಕಡೆ ಸೋರುತ್ತಿತ್ತು, ದಾರಿಗೆ ಅಡ್ಡವಾಗಿ ಹಳ್ಳ ಹರೀತಿತ್ತು. ಅವನ್ನೆಲ್ಲ ಲೆಕ್ಕ ಹಾಕಿಯೇ ಬೆಲೆ ಮಾತಾಡಿದೆವು.

ಆ ಮನೆಗೆ ಹೋಗುವ ದಾರಿ ಪಕ್ಕದವರ ತೋಟದ ಮೇಲೆ. ಬಾಯಿಮಾತಿನ ದಾರಿ ಮಾಲೀಕರು ಬದಲಾದ ದಿನವೇ ಮುಚ್ಚಬಹುದು. ಪಕ್ಕದವರ ಮನೆಗೆ ಮೂರು ಸಲ ಹೋಗಿ, ಕಾಫಿ ಕುಡಿದು, ದಾರಿ ಹಕ್ಕನ್ನು ನೋಂದಣಿ ಮಾಡಿಕೊಡೋಕೆ ಅವರನ್ನು ಒಪ್ಪಿಸಿದ್ದು ಇದೇ ದಲ್ಲಾಳಿ. ಮಾರುವವರ ತಂಗಿಯರನ್ನು ಆಲೂರಿಗೆ ಕರೆತಂದು ಸಹಿ ಹಾಕಿಸಿದ್ದೂ ಅವರೇ. ಇಂಥ ಕೆಲಸ ಯಾವ ಆ್ಯಪೂ ಮಾಡಲ್ಲ. ಅವರಿಗೆ ಕಮಿಷನ್ ಕೊಡುವಾಗ ನನಗೆ ಒಂದು ರೂಪಾಯಿಯೂ ಭಾರ ಅನ್ನಿಸಲಿಲ್ಲ.

ಇನ್ನು ಮೂರು ವಿಷಯ. ಮನೆಗೆ ಪಂಚಾಯಿತಿ ಇ-ಸ್ವತ್ತು ದಾಖಲೆ ಇದೆಯಾ, ನಮೂನೆ 9 ಮತ್ತು 11ಎ ಇದೆಯೋ ಬರೀ 11ಬಿಯೋ ನೋಡಿ. ಪಶ್ಚಿಮಘಟ್ಟ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2024ರ ಜುಲೈ 31ರಂದು ಮತ್ತೆ ಬಂದಿದೆ, ಪಟ್ಟಿಯಲ್ಲಿ ನಿಮ್ಮ ಹಳ್ಳಿ ಇದೆಯಾ ನೋಡಿ. ಮೂರನೆಯದು ಆನೆ. ದಸರಾ ಅಂಬಾರಿ ಹೊತ್ತಿದ್ದ ಅರ್ಜುನ 2023ರ ಡಿಸೆಂಬರ್ 4ರಂದು ಪ್ರಾಣ ಬಿಟ್ಟಿದ್ದು ನಮ್ಮ ಯಸಳೂರು ವಲಯದ ಕಾಡಾನೆ ಕಾರ್ಯಾಚರಣೆಯಲ್ಲೇ. "ಈ ಕಡೆ ಆನೆ ಬರಲ್ಲ" ಅಂತ ದಲ್ಲಾಳಿ ಹೇಳಿದರೆ ಅಕ್ಕಪಕ್ಕದ ಲೈನ್ ಮನೆಯವರನ್ನು ಕೇಳಿ. ಬೆಳಗ್ಗೆ ಕೆಲಸಕ್ಕೆ ನಡೆದು ಹೋಗುವವರಿಗೆ ಗೊತ್ತಿರುತ್ತೆ.

ಮಾರುವಾಗ

ನಮ್ಮ ಮಾವ ಒಬ್ಬರು ಮಗಳ ಓದಿಗೆ ಅಂತ ಸ್ವಲ್ಪ ತೋಟ ಮಾರಿದರು. ದಲ್ಲಾಳಿ ಅವರಿಗೆ ಹೇಳಿದ ರೇಟು ಒಂದು, ಕೊಳ್ಳುವವರಿಗೆ ಹೇಳಿದ್ದು ಎಕರೆಗೆ 2 ಲಕ್ಷ ಜಾಸ್ತಿ. ಮೇಲಿನ ದುಡ್ಡು ನಡುವೆಯೇ ಉಳಿಯಿತು, ಅದರ ಮೇಲೆ ಕಮಿಷನ್ ಬೇರೆ. ಮಾವ ಕೊಳ್ಳುವವರ ಮುಖ ನೋಡಿದ್ದು ನೋಂದಣಿ ದಿನ. ಅದಕ್ಕೇ ಹೇಳೋದು, ಬೆಲೆ ಮಾತಾಡುವ ದಿನ ಕೊಳ್ಳುವವರು, ಮಾರುವವರು ಎದುರುಬದುರು ಕೂರಲೇಬೇಕು. ನಮಗೆ ತಿಳಿಸದೆ ಏಜೆಂಟ್ ತನ್ನ ಲಾಭಕ್ಕೆ ವ್ಯವಹಾರ ಮಾಡಿದ್ದರೆ ಆ ಲಾಭ ಕೇಳುವ ಹಕ್ಕು 1872ರ ಕರಾರು ಕಾಯ್ದೆಯಲ್ಲಿ ಇದೆ. ಆದರೆ ಕೋರ್ಟಿನಲ್ಲಿ ಕೇಳೋದಕ್ಕಿಂತ ಜಗಲಿಯಲ್ಲಿ ಕೂತು ಕೇಳೋದು ಸುಲಭ.

ಒಂದು ಹಾಳೆ ಬರೆದಿಡಿ

- ಕಮಿಷನ್ ಶೇಕಡಾ ಎಷ್ಟು, ಯಾರಿಂದ. ಶೇ 1 ಅಥವಾ 2 ಅಂತ ಮಾತಾಗುವುದು ರೂಢಿ. ಎರಡೂ ಕಡೆ ತಗೊಳ್ಳೋದಾದರೆ ಇಬ್ಬರಿಗೂ ಗೊತ್ತಿರಲಿ.
- ಯಾವಾಗ ಕೊಡೋದು. ಬೇರೆ ಕರಾರು ಇಲ್ಲದಿದ್ದರೆ ಕೆಲಸ ಮುಗಿದ ಮೇಲೆಯೇ ಸಂಭಾವನೆ ಅನ್ನುತ್ತೆ ಅದೇ ಕಾಯ್ದೆ. ಕ್ರಯಪತ್ರ ನೋಂದಣಿ ದಿನ ಅಂತ ಬರೆಯಿರಿ.
- ಮುಂಗಡ ಮಾಲೀಕರ ಬ್ಯಾಂಕ್ ಖಾತೆಗೇ ಹೋಗಲಿ. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಹೆಚ್ಚು ಮುಂಗಡವನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ನಿಷೇಧ ಇದೆ.
- ದಾಖಲೆ ಸರಿ ಇಲ್ಲದಿದ್ದರೆ ಮುಂಗಡ ಎಷ್ಟು ದಿನದಲ್ಲಿ ವಾಪಸ್.
- ನೋಂದಣಿ ಖರ್ಚು ಯಾರದ್ದು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2 ಆಗಿದೆ, ಮುದ್ರಾಂಕ ಶುಲ್ಕ ಬೇರೆ.

ಒಳ್ಳೆ ದಲ್ಲಾಳಿ ಈ ಹಾಳೆಗೆ ಬೇಜಾರು ಮಾಡಿಕೊಳ್ಳಲ್ಲ. ನಮ್ಮ ರೈಟರ್ ಅಣ್ಣ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ಇದನ್ನ ಮೊದ್ಲೇ ಬರೀಬೇಕಿತ್ತು ಕಣಯ್ಯಾ" ಅಂತ ಸಹಿ ಹಾಕಿದರು.

ಮನೆ ಕೊಳ್ಳುವ ಯೋಚನೆ ಇಲ್ಲದಿದ್ದರೂ ಇವತ್ತು ಸಂಜೆ ನಿಮ್ಮದೇ ತೋಟದ ಪಹಣಿ, ಮ್ಯುಟೇಶನ್ ತೆಗೆದು ನೋಡಿ. ಅಜ್ಜನ ಹೆಸರಲ್ಲೇ ಉಳಿದಿದೆಯಾ, ತೀರಿಸಿದ ಸಾಲ ಇನ್ನೂ ಕಾಲಂ 11ರಲ್ಲಿ ಕೂತಿದೆಯಾ? ಈಗಲೇ ಸರಿ ಮಾಡಿಸಿಕೊಳ್ಳಿ. ನಾಳೆ ಕಷ್ಟಕ್ಕೆ ಮಾರಬೇಕಾಗಿ ಬಂದರೆ ಅದನ್ನೇ ತೋರಿಸಿ ರೇಟು ಇಳಿಸುತ್ತಾರೆ.