"ಅಕ್ಕಾ, ಹೊಟ್ಟಿ ಕಡಿಲತ್ತದ"

ಫೆಬ್ರವರಿ 10, ಜಂತುಹುಳು ನಿವಾರಣಾ ದಿನ. ತೆಲಂಗಾಣದ ತಾಂಡೂರಿನ ಸರಕಾರಿ ಶಾಲೆಯೊಂದರಲ್ಲಿ ಬಿಸಿಯೂಟ ಮುಗಿದು ತಟ್ಟೆ ತೊಳೆಯುವ ಸದ್ದು. ಊರಿನದೇ ಕಲ್ಲು ಹಾಸಿದ ಜಗಲಿಯ ಮೇಲೆ ಮಕ್ಕಳು ಸಾಲಾಗಿ ಕೂತಿದ್ದಾರೆ. ಒಂದೊಂದು ಅಂಗೈಗೆ ಒಂದೊಂದು ಅಲ್ಬೆಂಡಝೋಲ್, 400 ಮಿಲಿಗ್ರಾಂ. ಸುಮ್ಮನೆ ನುಂಗುವಂತಿಲ್ಲ, ಆಶಾ ಕಾರ್ಯಕರ್ತೆಯ ಕಣ್ಣೆದುರೇ ಅಗಿಯಬೇಕು. ಒಬ್ಬ ಮುಖ ಸಿಂಡರಿಸುತ್ತಾನೆ. ಚಾಕಲೇಟಿನಂತೆ ಚೀಪಲು ಹೊರಟವಳು ಬೈಸಿಕೊಳ್ಳುತ್ತಾಳೆ.

ಅರ್ಧ ತಾಸಾಗಿರಬೇಕು, ಕಂಬದ ಮರೆಯಿಂದ ಸಣ್ಣ ದನಿ: "ಅಕ್ಕಾ, ಹೊಟ್ಟಿ ಕಡಿಲತ್ತದ." ಪಕ್ಕದವಳದು ತೆಲುಗು: "ಕಳ್ಳು ತಿರುಗುತುನ್ನಾಯಿ." ಇನ್ನೊಬ್ಬನಿಗೆ ದಖನಿಯ 'ಚಕ್ಕರ್'.

ಔಷಧದ ಅಡ್ಡಪರಿಣಾಮ ಅಳೆಯುವ ಕೆಲಸ ಶುರುವಾಗುವುದು ಇಲ್ಲೇ. ಜ್ವರಕ್ಕೆ ಥರ್ಮಾಮೀಟರ್ ಇದೆ, ತಲೆಸುತ್ತಿಗೆ ಏನಿದೆ? ಮಗುವಿನ ಮಾತೊಂದೇ. 'ಕಳ್ಳು' ಎಂದರೆ ಕಣ್ಣು, ನಿಜ. ಆದರೆ ಅದು ತಿರುಗಿತೆಂದರೆ ತೆಲುಗಿನಲ್ಲಿ ತಲೆಸುತ್ತು. ಕನ್ನಡದ ಕಿವಿ ಅದನ್ನು ಕಣ್ಣುಬೇನೆ ಎಂದು ಬರೆದುಕೊಂಡರೆ ಲೆಕ್ಕ ಕೆಟ್ಟಿತು. ಈ ಗಡಿಯಲ್ಲಿ ಮಾತುಗಳು ಬೆರೆತದ್ದಕ್ಕೆ ಕಾರಣವಿದೆ: ಜಹೀರಾಬಾದ್, ನಾರಾಯಣಖೇಡ 1956ರವರೆಗೆ ಬೀದರ ಜಿಲ್ಲೆಯ ತಾಲ್ಲೂಕುಗಳು, ತಾಂಡೂರು ಕಲಬುರಗಿಯದು. ಜಿಲ್ಲೆ ಬದಲಾಯಿತು, ಹೊಟ್ಟೆನೋವು ಮಾತ್ರ ಇಂದಿಗೂ ಮನೆಮಾತಿನಲ್ಲೇ ಬರುತ್ತದೆ.

ಆಟ ಬಿಡಿಸದಷ್ಟು ನೋವು ಸೌಮ್ಯ, ಆಟ ಬಿಟ್ಟು ಕೂರಿಸಿದರೆ ಮಧ್ಯಮ. ಹುಳು ಹೆಚ್ಚಿದ್ದಷ್ಟೂ ಕಿರಿಕಿರಿ ಹೆಚ್ಚು. ಆನೆಕಾಲು ರೋಗದ ಮಾತ್ರೆಯಲ್ಲಂತೂ ರಕ್ತದ ಮರಿಹುಳುಗಳು ಸಾಯುವಾಗಲೇ ಜ್ವರ, ಮೈಕೈ ನೋವು. ತಾಂಡೂರಿನಿಂದ ರೈಲು ಹತ್ತಿ ವಾಡಿ ದಾಟಿದರೆ ಯಾದಗಿರಿ. ಆ ಜಿಲ್ಲೆಯಲ್ಲಿ ಐವರ್ಮೆಕ್ಟಿನ್, ಡಿಇಸಿ, ಅಲ್ಬೆಂಡಝೋಲ್ ಮೂರನ್ನೂ ಒಟ್ಟಿಗೆ ಕೊಟ್ಟು, ನುಂಗಿದವರನ್ನು ಮತ್ತೆ ಕಂಡು ಕೇಳಿದರು. ಭಾರತವೂ ಸೇರಿ ಐದು ದೇಶಗಳ 26,836 ಜನರ ಆ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ತೊಂದರೆ ಕಂಡವರು ನೂರಕ್ಕೆ ಸುಮಾರು 12, ಅದರಲ್ಲೂ ಬಹುಪಾಲು ಸೌಮ್ಯ. ಎರಡೇ ಔಷಧ ನುಂಗಿದವರಲ್ಲೂ ಹೆಚ್ಚುಕಡಿಮೆ ಅಷ್ಟೇ.

ಹಾಗಾಗಿ ಬರೀ ಸೊನ್ನೆ ತುಂಬಿದ ರಿಜಿಸ್ಟರ್ ಕಂಡರೆ ನನಗೆ ಸಮಾಧಾನಕ್ಕಿಂತ ಅನುಮಾನವೇ ಹೆಚ್ಚು. ಯಾರಾದರೂ ಕೇಳಿದರೋ, ಇಲ್ಲವೋ?

ಕಂಬದ ಮರೆಯ ಹುಡುಗ ನೀರು ಕುಡಿದು ನೆರಳಲ್ಲಿ ಒರಗಿದ. ಗಂಟೆ ಹೊಡೆಯುವಷ್ಟರಲ್ಲಿ ಕಬಡ್ಡಿಗೆ ಹಾಜರು. ಅವನ ಹೆಸರಿನ ಮುಂದೆ ಆಶಾ ಕಾರ್ಯಕರ್ತೆ ಬರೆದದ್ದು: ಹೊಟ್ಟೆನೋವು, ಸೌಮ್ಯ.

ಮಾತ್ರೆ ತಿಂದ ನಿಮ್ಮ ಮಗು ಮನೆಯಲ್ಲಿ ನರಳಿದರೆ ಮೊದಲು ವೈದ್ಯರಿಗೆ ತೋರಿಸಿ. ಆಮೇಲೆ ಭಾರತೀಯ ಔಷಧ ಸುರಕ್ಷತಾ ಕಾರ್ಯಕ್ರಮದ 1800-180-3024ಕ್ಕೆ ಕರೆ ಮಾಡಿ ವರದಿ ಮಾಡಿ, ಕರೆಗೆ ದುಡ್ಡಿಲ್ಲ.